ಕಟ್ಟೆಯ ಮೇಲೆ ಕುಳಿತವಳು

ಬೆಳಗಿನ ಐದೂಕಾಲಿಗೆ, ಹರಾಜು ಅರ್ಧವೂ ಮುಗಿಯದಿರುವಾಗ, ಸೊಸೆ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

ಆ ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗುವವರು ಕೂರುವುದಕ್ಕೆ ಒಂದೇ ಅರ್ಥ. ಮೊಣಕಾಲೆತ್ತರದ ಸಿಮೆಂಟು ಕಟ್ಟೆಯ ಮೇಲೆ ನಿಂತು, ಕೆಳಗೆ ಸಾಲಾಗಿಟ್ಟ ಬುಟ್ಟಿಗಳನ್ನು ಕೋಲಿನಿಂದ ತೋರಿಸುತ್ತ ಬೆಲೆ ಕೂಗುತ್ತಾರೆ. ಒಂದು ಬೋಟಿನ ಮಾಲಿಗೆ ಬೆಲೆ ಏರುವುದು ನಿಂತಾಗ ಕೂರುತ್ತಾರೆ. ಕೂತರೆ ಮಾತು ಮುಗಿಯಿತು. ಆ ಗಳಿಗೆಯಲ್ಲಿ ಬಾಯಲ್ಲಿದ್ದ ಬೆಲೆಗೆ ಮಾಲು ಹೋಯಿತು, ಆಮೇಲೆ ಯಾರೂ ತಕರಾರು ತೆಗೆಯುವ ಹಾಗಿಲ್ಲ.

ಸೊಸೆ ಕೂತಾಗ ಬೆಲೆ ಇನ್ನೂ ಆರಂಭದಲ್ಲೇ ಇತ್ತು.

"ಕೂತ್ಲು! ಕೂತ್ಲು! ಮಾಲು ನಂದು!" ಮುಂದಿನ ಸಾಲಿನ ವ್ಯಾಪಾರಿ ಕುಣಿದಾಡಿದ.

"ಯಾವ ಬಾಯಲ್ಲಿ ನಂದು ಅಂತೀಯೋ?" ಬೋಟಿನ ಯಜಮಾನ ಬುಟ್ಟಿಗೆ ಅಡ್ಡ ನಿಂತ. "ಏನಮ್ಮಾ ಕಹಳೆ, ಇದೇನು ನಿಮ್ಮನೆ ಸೋಫಾನಾ?"

ಕಹಳೆ ಎಂಬುದು ಮಾರುಕಟ್ಟೆ ಸೊಸೆಗೆ ಇಟ್ಟ ಹೆಸರು. ಅವಳ ಕೂಗು ಗೋಡೆಯಾಚೆ ಬೋಟು ಕಟ್ಟುವ ಜಾಗದವರೆಗೆ ಕೇಳುತ್ತಿತ್ತು. ಈಗ ಅವಳು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ, "ಕಾಲು ನಿಲ್ಲಲಿಲ್ಲ" ಎಂದಳು. ಅಷ್ಟೇ.

ಅತ್ತೆ ಐಸ್ ಒಡೆಯುವುದನ್ನು ಬಿಟ್ಟು ಓಡಿಬಂದಳು. ಒಂದು ಕಾಲಕ್ಕೆ ಆ ಕಟ್ಟೆ ಅವಳದ್ದೇ. ಹಲ್ಲು ಬಿದ್ದು ಕೂಗಿನಲ್ಲಿ ಗಾಳಿ ಸೇರಿಕೊಂಡ ಮೇಲೆ ಸೊಸೆಗೆ ಬಿಟ್ಟುಕೊಟ್ಟು, ತಾನು ಮರದ ಕೊಡತಿ ಹಿಡಿದು ಐಸ್ ಒಡೆಯಲು ಕೂತಿದ್ದಳು. ಮನೆಯವರು ಕೂಗುವವರೆಗೆ ಕಟ್ಟೆ ಮನೆಯದ್ದು. ಮನೆಯ ಕೂಗು ನಿಂತರೆ ಮೀನುಗಾರರ ಸಂಘ ಬೇರೆಯವರಿಗೆ ಕೊಡುತ್ತದೆ. ಅತ್ತೆ ಸೊಸೆಯ ಕೈಯಿಂದ ಕೋಲು ಕಿತ್ತುಕೊಂಡು ಕಟ್ಟೆ ಹತ್ತಿದಳು. ಉಳಿದ ಬುಟ್ಟಿಗಳನ್ನು ಅವಳೇ ಕೂಗಿದಳು. ಹಿಂದಿನ ಸಾಲಿನವರು ಕಿವಿಗೆ ಕೈ ಹಚ್ಚಿಕೊಂಡು ಕೇಳಿದರು.

"ಅಜ್ಜಿ ಕೂಗ್ತಾಳೋ, ಸೈಕಲ್ ಟ್ಯೂಬಿಂದ ಗಾಳಿ ಹೋಗ್ತಿದೆಯೋ?" ಎಂದ ತೂಕದವನು. ಜನ ನಕ್ಕರು. ತೂಕದವನಿಗೆ ಆ ಕಟ್ಟೆಯ ಮೇಲೆ ಬಹಳ ದಿನದಿಂದ ಕಣ್ಣಿತ್ತು.

ಮನೆಗೆ ಬಂದಾಗ ಸಿಂಕಿನಲ್ಲಿ ರಾತ್ರಿಯ ಪಾತ್ರೆಗಳು ಹಾಗೇ ಇದ್ದವು. ಸೊಸೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಗೋಡೆಗೆ ತಲೆ ಆನಿಸಿದಳು. ಐಸ್ ಲಾರಿ ಓಡಿಸುವ ಅತ್ತೆಯ ಮಗ, ಅವಳ ಗಂಡ, ಬಾಗಿಲಲ್ಲೇ ಬೂಟು ಬಿಚ್ಚುತ್ತ ಶುರು ಮಾಡಿದ.

"ಮಾರ್ಕೆಟ್ ತುಂಬಾ ಅದೇ ಮಾತು. ಮಾಲು ಅಗ್ಗಕ್ಕೆ ಹೋಯ್ತು ಅಂತ ಬೋಟಿನ ಯಜಮಾನ ನಂಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದ."

"ನಾನೇನು ಬೇಕೂಂತ ಕೂತ್ನಾ ರೀ?"

"ರಿಪೋರ್ಟ್ ನಾರ್ಮಲ್ ಇದೆ ಕಣೇ! ಹೋದ ತಿಂಗಳು ನಾನೇ ತಂದೆ. ಮಾತ್ರೆ ಸರಿಯಾಗಿದೆ, ರಕ್ತ ಸರಿಯಾಗಿದೆ ಅಂದ್ರು ಡಾಕ್ಟ್ರು."

"ಹಾಗಾದ್ರೆ ರಿಪೋರ್ಟನ್ನೇ ಕರ್ಕೊಂಡ್ಹೋಗಿ ಕಟ್ಟೆ ಮೇಲೆ ನಿಲ್ಲಿಸಿ."

ಮೊಮ್ಮಗಳು ಗುಬ್ಬಿ, ಶಾಲೆಯ ಸಮವಸ್ತ್ರದಲ್ಲಿ ನಿಂತೇ ಬ್ರೆಡ್ಡು ತಿನ್ನುತ್ತಿದ್ದವಳು ನಗು ತಡೆಯಲಾರದೆ ಕೆಮ್ಮಿದಳು. ಅತ್ತೆ ನಗಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾತ್ರೆ ತಿಕ್ಕತೊಡಗಿದಳು. ಪಾತ್ರೆಗಳ ಸದ್ದಿನಲ್ಲೇ ಅವಳ ಮಾತೂ ಇತ್ತು.

ಕಾಯಿಲೆ ಮೂರನೆಯ ವರ್ಷಕ್ಕೆ ಕಾಲಿಟ್ಟಿತ್ತು. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯನ್ನು ಮೈಯ ರಕ್ಷಣಾ ವ್ಯವಸ್ಥೆಯೇ ಶತ್ರು ಎಂದು ಬಗೆದು ತಿಂದುಹಾಕುವ ಕಾಯಿಲೆ. ಗ್ರಂಥಿ ಮಾಡಬೇಕಾದ ಕೆಲಸವನ್ನು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಮಾತ್ರೆ ಮಾಡುತ್ತಿತ್ತು. ಹೆಚ್ಚಿನವರು ಅಷ್ಟಕ್ಕೇ ಸುಧಾರಿಸುತ್ತಾರೆ. ಸೊಸೆ ಸುಧಾರಿಸಲಿಲ್ಲ. ಎಂಟು ಗಂಟೆ ಮಲಗಿ ಎದ್ದರೂ ರಾತ್ರಿಯಿಡೀ ಮೂಟೆ ಹೊತ್ತವಳಂತೆ ಏಳುತ್ತಿದ್ದಳು. ಗಂಟುಗಂಟಲ್ಲೂ ನೋವು, ನುಂಗುವಾಗ ಕುತ್ತಿಗೆಯಲ್ಲಿ ಏನೋ ಒತ್ತಿದ ಹಾಗೆ, ಹೇಳಿದ ಬೆಲೆ ಮರುಗಳಿಗೆಗೆ ಮರೆವು. ಒಬ್ಬ ಡಾಕ್ಟರು ನಡೆದಾಡಿ ಎಂದರು, ಇನ್ನೊಬ್ಬರು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಮೂರನೆಯವರು ಮನೆಯಲ್ಲಿ ಅತ್ತೆಯ ಕಾಟ ಇದೆಯೇ ಎಂದು ಕೇಳಿದ್ದರು. ಅದನ್ನು ಮಗ ಮನೆಗೆ ಬಂದು ಹೇಳಿದ ದಿನ ಅತ್ತೆ ಊಟ ಮಾಡಿರಲಿಲ್ಲ.

"ಒಂದು ಮಾತು ಹೇಳ್ತೀನಿ," ಅತ್ತೆ ನಲ್ಲಿ ನಿಲ್ಲಿಸಿದಳು. "ನನ್ ಕೂಗಿಗೆ ಸಂಘದವರು ಎಷ್ಟು ದಿನ ಸುಮ್ನಿರ್ತಾರೆ? ಗುಬ್ಬಿ ಗಂಟಲು ನಿನ್ನ ಹಾಗೇ ಇದೆ. ಬೆಳಿಗ್ಗೆ ಎರಡು ತಾಸು ಬಂದು ಕೂಗಿದ್ರೆ ಏನು ಗಂಟು ಹೋಗತ್ತೆ?"

ಗುಬ್ಬಿಯ ಬ್ರೆಡ್ಡು ಕೈಯಲ್ಲೇ ಉಳಿಯಿತು. ಅದು ಅವಳ ಶಾಲೆಯ ಕೊನೆಯ ವರ್ಷ.

"ನೀವೂ ಎರಡು ತಾಸು ಅಂತಲೇ ನನ್ನ ಕರ್ಕೊಂಡು ಹೋದ್ರಿ ಅತ್ತೆ," ಸೊಸೆ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಆ ಎರಡು ತಾಸು ಇನ್ನೂ ಮುಗಿದಿಲ್ಲ. ಅವಳನ್ನ ಆ ಕಟ್ಟೆ ಹತ್ತಿಸಿದ್ರೆ ನಾನು ಸುಮ್ನಿರಲ್ಲ."

"ನೀನು ನಿಲ್ಲಲ್ಲ, ಅವಳನ್ನ ನಿಲ್ಲಿಸೋಕೂ ಬಿಡಲ್ಲ. ಇನ್ಯಾರು, ಗೋಡೆ ಕೂಗಬೇಕಾ?"

ಸೊಸೆ ಎದ್ದು ಒಳಗೆ ಹೋಗಿ ಮಲಗಿದಳು. ಬಡಿಸಿದ ಗಂಜಿ ತಣ್ಣಗಾಯಿತು. ಗುಬ್ಬಿ ಅದರ ಮೇಲೆ ತಟ್ಟೆ ಮುಚ್ಚಿ ಶಾಲೆಗೆ ಓಡಿದಳು.

ಮೂರು ವಾರದ ಮೇಲೆ ದೊಡ್ಡ ಆಸ್ಪತ್ರೆಯ ಸರ್ಜನ್ನರ ಬಳಿಗೆ ಸೊಸೆಯ ಜೊತೆ ಹೋದವಳು ಅತ್ತೆಯೇ. ಮಗನ ಲಾರಿಗೆ ಅಂದು ಎರಡು ಟ್ರಿಪ್ಪು ಇತ್ತು. ಸರ್ಜನ್ನರು ಮಧ್ಯವಯಸ್ಸಿನ ಹೆಂಗಸು; ಹಳೆಯ ಕಾಗದಗಳನ್ನೆಲ್ಲ ಓದಿದರು, ಅವಸರ ಮಾಡಲಿಲ್ಲ.

"ನಿಮ್ಮ ಹಾರ್ಮೋನು ಸರಿಯಾಗಿದೆ ಅನ್ನೋದು ನಿಜ. ನಿಮಗೆ ಸುಸ್ತು ಇದೆ ಅನ್ನೋದೂ ನಿಜ," ಎಂದರು ಅವರು. "ನಿಮ್ಮ ರಕ್ತದಲ್ಲಿ ಆಂಟಿಬಾಡಿ ಬಹಳ ಜಾಸ್ತಿ ಇದೆ. ಇಂಥ ಕೆಲವರಿಗೆ ಗ್ರಂಥಿಯನ್ನ ಪೂರ್ತಿ ತೆಗೆದರೆ ಸುಸ್ತು ಕಮ್ಮಿ ಆಗಿರೋದುಂಟು. ಎಲ್ಲ ಡಾಕ್ಟರೂ ಇದನ್ನ ಒಪ್ಪಲ್ಲ. ನಾನೂ ಭರವಸೆ ಕೊಡಲ್ಲ. ಗುಣ ಕಂಡರೂ ತಿಂಗಳುಗಟ್ಟಲೆ ಹಿಡಿಯತ್ತೆ. ಮಾತ್ರೆ ಜೀವನಪೂರ್ತಿ ಇದ್ದೇ ಇರತ್ತೆ."

ಸೊಸೆ ಕುರ್ಚಿಯ ಅಂಚಿಗೆ ಬಂದು ಕೂತಳು. ಕಾಯಿಲೆ ಶುರುವಾದಾಗಿನಿಂದ ಸುಸ್ತು ನಿಜ ಎಂದ ಮೊದಲ ಮನುಷ್ಯೆ ಇವರು.

"ಅಪಾಯ ಏನು ಅಂತ ಹೇಳಿಬಿಡಿ ಅಮ್ಮಾ," ಎಂದಳು ಅತ್ತೆ.

"ಗ್ರಂಥಿಯ ಹಿಂದೆ ಬಟಾಣಿಗಿಂತ ಚಿಕ್ಕ ನಾಲ್ಕು ಗ್ರಂಥಿ ಇವೆ, ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳೋವು. ಅವಕ್ಕೆ ಪೆಟ್ಟಾಗಬಹುದು. ಧ್ವನಿಯ ನರಗಳು ಅಲ್ಲೇ ಅಂಟಿಕೊಂಡು ಹೋಗತ್ವೆ, ಅವಕ್ಕೂ ಆಗಬಹುದು. ನಿಮ್ಮ ಕೆಲಸ ಏನು?"

"ಹರಾಜು ಕೂಗ್ತೀನಿ," ಎಂದಳು ಸೊಸೆ.

ಸರ್ಜನ್ನರು ಪೆನ್ನು ಕೆಳಗಿಟ್ಟರು. "ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ."

ಮನೆ ಬಾಗಿಲು ಹಾಕಿದ್ದೇ ತಡ, ಅತ್ತೆಯ ಬಾಯಿ ತೆರೆಯಿತು.

"ಗಂಟಲಿಗೇ ಕತ್ತಿ ಹಾಕಿಸ್ಕೊಳ್ತೀಯಾ? ಈ ಮನೆ ಅನ್ನ ಬರೋದೇ ಅಲ್ಲಿಂದ ಕಣೇ!"

"ನಿಲ್ಲೋಕಾಗದವಳು ಗಂಟಲು ಇಟ್ಕೊಂಡು ಏನು ಮಾಡ್ಲಿ ಅತ್ತೆ? ಹಾಸಿಗೇಲಿ ಮಲಗಿ ಕೂಗ್ಲಾ?"

"ಭರವಸೆ ಇಲ್ಲ ಅಂತ ಅವರೇ ಅಂದ್ರಲ್ಲ!"

"ಹೀಗೇ ಇದ್ರೆ ಏನಾಗತ್ತೆ ಅನ್ನೋದಕ್ಕೆ ಭರವಸೆ ಇದೆ. ನಾನು ಬಿದ್ದಿರ್ತೀನಿ, ನೀವು ಗುಬ್ಬೀನ ಕಟ್ಟೆ ಹತ್ತಿಸ್ತೀರಿ."

ಸಂಜೆ ಬಂದ ಮಗ ಎರಡೂ ಕಡೆಯ ಮಾತು ಕೇಳಿದ. ತಟ್ಟೆಯ ಅನ್ನವನ್ನು ಕಲಸುತ್ತಲೇ ಇದ್ದ, ಉಣ್ಣಲಿಲ್ಲ.

"ಇವಳ ಗಂಟಲು ಕೇಳೇ ನಾನು ಮದುವೆ ಆಗಿದ್ದು," ಎಂದ ಕೊನೆಗೆ. ಅದು ಒಪ್ಪಿಗೆಯೋ ವಿರೋಧವೋ ಅತ್ತೆಗೆ ತಿಳಿಯಲಿಲ್ಲ. "ಮಾಡಿಸೋಣ ಬಿಡಮ್ಮ. ದಿನಾ ಹೆಣದ ಪಕ್ಕ ಮಲಗಿದ ಹಾಗಾಗತ್ತೆ ನಂಗೆ."

"ಅಪ್ಪಾ!" ಎಂದಳು ಗುಬ್ಬಿ.

"ಬಿಡೇ, ಸರಿಯಾಗೇ ಹೇಳಿದ್ರು," ಎಂದಳು ಸೊಸೆ. ಅಂದು ಅವಳು ತಟ್ಟೆ ಖಾಲಿ ಮಾಡಿದಳು.

ಆಪರೇಷನ್ ನಾಲ್ಕು ವಾರದ ಮೇಲೆ ನಡೆಯಿತು. ಆ ನಾಲ್ಕು ವಾರವೂ ಅತ್ತೆ ಕಟ್ಟೆಯ ಮೇಲೆ ನಿಂತು ತನ್ನ ಗಾಳಿ ತುಂಬಿದ ಗಂಟಲಲ್ಲಿ ಕೂಗಿದಳು. ಮಾರುಕಟ್ಟೆಯಿಂದ ಬಂದು ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಒಗೆದ ಬಟ್ಟೆ ಹಿಂಡುವಾಗ ಬೈದಳು. ಸೊಸೆ ಬೀನ್ಸು ಬಿಡಿಸಲು ಕೂತರೆ ಅರ್ಧಕ್ಕೇ ಕೈ ನಿಲ್ಲುತ್ತಿತ್ತು. ಉಳಿದದ್ದನ್ನು ಗುಬ್ಬಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬಿಡಿಸುತ್ತಿದ್ದಳು.

ಆಪರೇಷನ್ ಸರಿಯಾಗಿ ಆಯಿತು ಎಂದರು. ಮೂರನೆಯ ದಿನ ಮನೆಗೆ ಬಿಟ್ಟರು. ಬಿಡುವಾಗ ನರ್ಸು ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅದೇ ಹೊತ್ತಿಗೆ ಅವನ ಲಾರಿ ಆಸ್ಪತ್ರೆಯ ಗೇಟಿಗೆ ಅಡ್ಡ ನಿಂತಿತ್ತು. ಹಿಂದೆ ಆಂಬುಲೆನ್ಸು ಹಾರ್ನ್ ಹೊಡೆಯುತ್ತಿತ್ತು. ಅವನು "ಹ್ಞೂಂ, ಹ್ಞೂಂ" ಎಂದ. ಮನೆಗೆ ಬಂದು ಅಮ್ಮನಿಗೆ ದಾಟಿಸಿದ್ದು ಇಷ್ಟು: ಥೈರಾಯ್ಡ್ ಮಾತ್ರೆ ಬೆಳಿಗ್ಗೆ, ಕ್ಯಾಲ್ಸಿಯಂ ಮಾತ್ರೆ ಊಟ ಆದ ಮೇಲೆ, ಗಾಯಕ್ಕೆ ನೀರು ತಾಗಿಸಬಾರದು.

ಮರುದಿನ ಮಧ್ಯಾಹ್ನ ಸೊಸೆ ಹಾಸಿಗೆಯಲ್ಲಿ ಎದ್ದು ಕೂತು ಬೆರಳುಗಳನ್ನು ನೋಡಿಕೊಂಡಳು.

"ಕೈ ಜೋಮು ಹಿಡಿದಿದೆ ಅತ್ತೆ." ದನಿ ಪಿಸುಮಾತಿನಷ್ಟೇ ಇತ್ತು.

"ಅದೇನು ಹೊಸದಾ?" ಎಂದಳು ಅತ್ತೆ.

ಆ ಮನೆಯಲ್ಲಿ ಅದು ಹೊಸದಲ್ಲ. ಐಸಿನಲ್ಲಿ ಕೈಯಿಟ್ಟು ದುಡಿಯುವವರಿಗೆ ಬೆರಳು ಜುಂ ಎನ್ನುವುದು ಕೆಮ್ಮು ನೆಗಡಿಯ ಹಾಗೆ. ಅತ್ತೆಯ ಬೆರಳಿಗೆ ಸೂಜಿ ಚುಚ್ಚಿದರೂ ಗೊತ್ತಾಗದ ದಿನಗಳಿದ್ದವು. ಅದಕ್ಕೊಂದು ಮನೆಮದ್ದು, ಅದನ್ನು ಮಾರುಕಟ್ಟೆಯ ಹೆಂಗಸರೆಲ್ಲ ಬಲ್ಲರು: ಉಪ್ಪು ಹಾಕಿದ ಬಿಸಿನೀರು, ಆಮೇಲೆ ಗಟ್ಟಿಯಾಗಿ ತಿಕ್ಕುವುದು. ಅತ್ತೆ ನೀರು ಕಾಯಿಸಿದಳು. ಸೊಸೆಯೂ ಸುಮ್ಮನೆ ಕೈ ಅದ್ದಿದಳು. ಸೊಸೆ ಮಾರುಕಟ್ಟೆಯ ಐಸು ಮುಟ್ಟಿ ಎರಡು ತಿಂಗಳಾಗಿತ್ತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಗುಬ್ಬಿ ಶಾಲೆಯಿಂದ ಬಂದಾಗ ಅತ್ತೆ ಎರಡನೇ ಸಲ ನೀರು ಕಾಯಿಸಿದ್ದಳು.

"ಏನಾಯ್ತಮ್ಮಾ?"

"ಜೋಮು. ತುಟೀನೂ ಜುಂ ಅಂತಿದೆ."

"ತುಟಿ?" ಗುಬ್ಬಿ ಚೀಲ ಇಳಿಸಲಿಲ್ಲ. "ಅಜ್ಜಿ, ಐಸಿಂದ ತುಟಿ ಯಾಕೆ ಜೋಮು ಹಿಡಿಯತ್ತೆ? ಅಮ್ಮ ಏನು ಐಸ್ ನೆಕ್ತಾಳಾ?"

ಅತ್ತೆಯ ಕೈ ನಿಂತಿತು. ಅವಳು ತಿಕ್ಕುತ್ತಿದ್ದ ಸೊಸೆಯ ಕೈಬೆರಳುಗಳು ತಾವಾಗಿಯೇ ಒಂದಕ್ಕೊಂದು ಅಂಟಿಕೊಂಡು, ಹೆಬ್ಬೆರಳು ಒಳಗೆ ಸೇರಿ, ಮಣಿಕಟ್ಟು ಬಾಗಿಕೊಂಡಿತು. ಬಿಡಿಸಲು ಹೋದರೆ ಬರಲಿಲ್ಲ. ಸೊಸೆ ಕಿರುಚಲು ಬಾಯಿ ತೆರೆದಳು. ದನಿ ಹೊರಡಲಿಲ್ಲ.

"ಗುಬ್ಬೀ, ಆಟೋ!"

ಬೀದಿಯ ತುದಿಯವರೆಗೆ ಗುಬ್ಬಿ ಓಡಿದಳು. ಆಟೋದಲ್ಲಿ ಅತ್ತೆ ಸೊಸೆಯ ಸೆಟೆದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ನಾನೇ ತಿಕ್ಕಿದೆ, ಉಪ್ಪು ಹಾಕಿ ತಿಕ್ಕಿದೆ" ಎಂದು ಡ್ರೈವರಿಗೆ ಹೇಳುತ್ತಲೇ ಇದ್ದಳು. ಅವನು "ಗಟ್ಟಿಯಾಗಿ ಹಿಡ್ಕೊಳ್ಳಿ ಅಮ್ಮಾ" ಎಂದಷ್ಟೇ ಹೇಳಿ ವೇಗ ಹೆಚ್ಚಿಸಿದ.

ಆಸ್ಪತ್ರೆಯಲ್ಲಿ, ರಕ್ತದ ಕ್ಯಾಲ್ಸಿಯಂ ಇಳಿದುಹೋಗಿದೆ ಎಂದು, ರಕ್ತನಾಳಕ್ಕೇ ಕ್ಯಾಲ್ಸಿಯಂ ಹಾಕಿದರು. ತಾಸಿನೊಳಗೆ ಬೆರಳುಗಳು ಬಿಡಿಸಿಕೊಂಡವು.

"ಬೆರಳು, ತುಟಿ ಜೋಮು ಹಿಡಿದ್ರೆ ತಕ್ಷಣ ಬರಬೇಕು ಅಂತ ಹೇಳಿದ್ವಲ್ಲ?" ಎಂದಳು ನರ್ಸು. "ಇನ್ನೂ ತಡ ಮಾಡಿದ್ರೆ ಉಸಿರಿಗೇ ಬರ್ತಿತ್ತು."

ಅತ್ತೆ ಅಷ್ಟರಲ್ಲಿ ಓಡಿಬಂದಿದ್ದ ಮಗನ ಕಡೆ ನೋಡಿದಳು. ಮಗ ನೆಲ ನೋಡಿದ.

"ಹಾರ್ನ್ ಹೊಡೀತಿದ್ರು ಅಮ್ಮಾ," ಎಂದ. ಅತ್ತೆ ಬೈಯಲು ಬಾಯಿ ತೆರೆದವಳು ತನ್ನ ಕೈಗಳ ಕಡೆ ನೋಡಿಕೊಂಡು ಸುಮ್ಮನಾದಳು.

ಕ್ಯಾಲ್ಸಿಯಂ ವಾರಗಳಲ್ಲಿ ಹದಕ್ಕೆ ಬಂತು. ದನಿ ಬರಲಿಲ್ಲ. ಮಾತು ಬಂತು, ಕೊಂಚ ಒರಟಾಗಿ; ಬೆಲೆ ಏರಿಸುವ ಕೂಗು ಬರಲಿಲ್ಲ. ಎತ್ತರಕ್ಕೆ ಹೋದ ಕೂಡಲೇ ದನಿ ದಾರದಂತೆ ಕಿತ್ತುಹೋಗುತ್ತಿತ್ತು. ಸರ್ಜನ್ನರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು.

"ಒಂದು ತೆಳು ನರ ಎಳೆದ ಹಾಗಾಗಿದೆ. ಬರಬಹುದು, ಬಾರದೆಯೂ ಇರಬಹುದು," ಎಂದರು ಅವರು, ಮುಖ ತಪ್ಪಿಸದೆ. "ಬೇರೆ ಕೆಲಸದವರಾದ್ರೆ ಇದು ಗಮನಕ್ಕೇ ಬರ್ತಿರಲಿಲ್ಲ."

"ಬೇರೆ ಕೆಲಸ ನಾವು ಕಲೀಲಿಲ್ಲ ಅಮ್ಮಾ," ಎಂದಳು ಅತ್ತೆ.

ಸುಸ್ತು ಕೂಡಲೇ ಹೋಗಲಿಲ್ಲ. ಮೊದಲ ತಿಂಗಳು ಸೊಸೆ ಮೊದಲಿಗಿಂತ ಹೆಚ್ಚು ಮಲಗಿದಳು. ಎರಡನೆಯ ತಿಂಗಳು ಮಗ ಕುಡಿದು ಬಂದು, "ಗಂಟಲೂ ಹೋಯ್ತು, ಕಾಲೂ ಬರ್ಲಿಲ್ಲ" ಎಂದು ಬಾಗಿಲಲ್ಲಿ ಕೂತು ಅತ್ತ. ಅತ್ತೆ ಅವನ ತಲೆಯ ಮೇಲೆ ಒಂದು ಚೊಂಬು ನೀರು ಸುರಿದು, ಒರೆಸಿಕೊಳ್ಳಲು ಟವಲು ಎಸೆದಳು. ಆ ವಾರ ಅವಳಿಗೇ ಜ್ವರ ಬಂತು. ಜ್ವರದಲ್ಲೂ ಕಟ್ಟೆ ಹತ್ತಿದಳು. ಕೆಳಗಿನಿಂದ ತೂಕದವನು, "ಅಜ್ಜಿ, ನೀವು ತುಟಿ ಆಡಿಸಿ ಸಾಕು, ನಾನು ಕೂಗ್ತೀನಿ" ಎಂದ. ಈ ಸಲ ಯಾರೂ ನಗಲಿಲ್ಲ. ಹಾಗೇ ಮಾಡಿದರೆ ಏನು ಎಂದು ಒಬ್ಬಿಬ್ಬರು ಗೊಣಗಿದರು.

ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ಅತ್ತೆ ಎದ್ದು ನೋಡಿದರೆ ಸಿಂಕು ಖಾಲಿಯಿತ್ತು. ಪಾತ್ರೆಗಳು ತೊಳೆದು ಬೋರಲಾಗಿದ್ದವು. ಸೊಸೆ ಒಲೆಯ ಮುಂದೆ ನಿಂತು ಟೀ ಸೋಸುತ್ತಿದ್ದಳು.

"ಯಾವಾಗ ಎದ್ದೆ?"

"ಆಗ್ಲೇ. ಎಚ್ಚರ ಆಯ್ತು. ಮತ್ತೆ ಮಲಗಬೇಕು ಅನ್ನಿಸ್ಲಿಲ್ಲ."

ಅತ್ತೆ ಲೋಟ ಹಿಡಿದು, ಸಕ್ಕರೆ ಹಾಕಿಕೊಂಡು, ಅಲ್ಲೇ ನಿಂತಳು. ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿತು. "ಸಕ್ಕರೆ ಜಾಸ್ತಿ ಆಗಿದೆ" ಎಂದಳು.

"ಹಾಕ್ಕೊಂಡಿದ್ದು ನೀವೇ ಅತ್ತೆ. ನಾನಿನ್ನೂ ಹಾಕಿರ್ಲಿಲ್ಲ."

ಆ ತಿಂಗಳ ಕೊನೆಯಲ್ಲಿ ಸಂಘದ ಅಧ್ಯಕ್ಷ ಕಟ್ಟೆಯ ಬಳಿಗೇ ಬಂದ. ಕೆಟ್ಟ ಮನುಷ್ಯನಲ್ಲ, ಅತ್ತೆಯ ಗಂಡನ ಜೊತೆ ಬೋಟಿಗೆ ಹೋಗುತ್ತಿದ್ದವನು.

"ಅಕ್ಕಾ, ಹಿಂದಿನ ಸಾಲಿನವರಿಗೆ ಕೇಳಿಸ್ತಿಲ್ಲ. ಬೋಟಿನವರು ಬೇರೆ ಮಾರ್ಕೆಟ್ಟಿಗೆ ಹೋಗ್ತೀವಿ ಅಂತಿದ್ದಾರೆ. ನಾಳೆ ನಿಮ್ಮನೆಯಿಂದ ಕೂಗೋರು ಯಾರು ಅಂತ ಹೇಳಿಬಿಡಿ."

ಮಾರನೆಯ ಬೆಳಿಗ್ಗೆ ಸೊಸೆ ಬಂದಳು. ಕುತ್ತಿಗೆಯ ಗಾಯದ ಗೆರೆಗೆ ಸ್ಕಾರ್ಫು ಸುತ್ತಿಕೊಂಡು, ಯಾರ ಕೈಯೂ ಹಿಡಿಯದೆ ಕಟ್ಟೆ ಹತ್ತಿ ನಿಂತಳು. ಕೋಲೆತ್ತಿ ಮೊದಲ ಬುಟ್ಟಿ ತೋರಿಸಿ ಕೂಗಿದಳು. ಮುಂದಿನ ಸಾಲಿಗೆ ಕೇಳಿಸಿತು. ಎರಡನೇ ಬೆಲೆಗೆ ದನಿ ಒಡೆಯಿತು. ಮೂರನೆಯದಕ್ಕೆ ಬಾಯಿ ಮಾತ್ರ ಆಡಿತು.

"ಕೇಳಿಸ್ತಿಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು, ಅನುಮಾನಿಸುತ್ತ.

ಅವಳು ಇನ್ನೂ ಎರಡು ಸಲ ಕೂಗಿ ನೋಡಿದಳು. ಜನ ನೆಲ ನೋಡತೊಡಗಿದರು. ಹಿಂದೆ ಇವಳನ್ನು ಬೈದಿದ್ದ ಬೋಟಿನ ಯಜಮಾನನೂ ಬುಟ್ಟಿಯೊಳಗೆ ಏನೋ ಹುಡುಕುವವನಂತೆ ಬಗ್ಗಿದ್ದ.

"ಅಕ್ಕಾ," ಅಧ್ಯಕ್ಷ ಅತ್ತೆಯ ಕಡೆ ತಿರುಗಿದ. "ಮೊಮ್ಮಗಳು ಇದ್ದಾಳಲ್ಲ? ಗಂಟಲು ಜೋರಿದೆ ಅಂತ ಕೇಳಿದ್ದೀನಿ. ಅವಳು ಬಂದ್ರೆ ಕಟ್ಟೆ ನಿಮ್ಮಲ್ಲೇ ಉಳಿಯತ್ತೆ."

ಸೊಸೆ ಕಟ್ಟೆಯ ಮೇಲಿಂದ ಅತ್ತೆಯನ್ನು ನೋಡಿದಳು. ಏನು ಹೇಳಿದ್ದರೂ ಆ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ.

ಅತ್ತೆ ಕೊಡತಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು. ಆ ಕಟ್ಟೆಯ ಸಿಮೆಂಟು ಅವಳ ಅತ್ತೆಯ ಕಾಲದಲ್ಲಿ ಹಾಕಿದ್ದು.

"ಅವಳಿಗೆ ಇವತ್ತು ಪರೀಕ್ಷೆ," ಎಂದಳು.

"ನಾಳೆ?"

"ನಾಳೇನೂ."

ಅಧ್ಯಕ್ಷ ತೂಕದವನಿಗೆ ಕೈಬೀಸಿದ. ತೂಕದವನು ಅಂಗಿ ಸರಿಮಾಡಿಕೊಂಡು ಬಂದು, ಸೊಸೆಯ ಮುಂದೆ ಕೈಚಾಚಿದ. ಅವನ ಮುಖದಲ್ಲಿ ನಗು ಇರಲಿಲ್ಲ. ಅವಳು ಕೋಲು ಕೊಟ್ಟು ಕಟ್ಟೆಯಿಂದ ಇಳಿದಳು. ಕೂರಲಿಲ್ಲ; ಮಾಲು ಇನ್ನೂ ಹೋಗಿರಲಿಲ್ಲ.

ಐಸಿನ ಮೂಲೆಯಲ್ಲಿ ಗೋಣಿಯ ಮೇಲೆ ಎರಡನೆಯ ಕೊಡತಿಯೊಂದು ಬಿದ್ದಿತ್ತು. ಸೊಸೆ ಅದನ್ನೆತ್ತಿಕೊಂಡಳು. ಅತ್ತೆ ತಾನು ಕೂರುವ ಮಣೆಯನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದಳು.

"ಕೂತ್ಕೊ. ಐಸ್ ಒಡೆಯೋರು ಕೂರಬಹುದು."

"ನೀವು ಕೂತ್ಕೊಳ್ಳಿ ಅತ್ತೆ."

ಆ ಹೊತ್ತಿಗೆ ಮಗನ ಲಾರಿ ಬಂದು ಹಿಮ್ಮುಖವಾಗಿ ನಿಂತಿತು. ಅವನು ಹಲಗೆ ಇಳಿಸಿ, ಕಟ್ಟೆಯ ಮೇಲೆ ತೂಕದವನನ್ನು ನೋಡಿ, ಕೆಳಗೆ ಹೆಂಡತಿಯನ್ನು ನೋಡಿ, ಐಸಿನ ದಿಮ್ಮಿಯನ್ನು ಇಬ್ಬರ ನಡುವೆ ಜಾರಿಸಿದ. ಹರಾಜು ಏಳೂವರೆಗೆ ಮುಗಿಯಿತು. ಅಲ್ಲಿಯವರೆಗೆ ಸೊಸೆ ನಿಂತೇ ಐಸ್ ಒಡೆದಳು.